ಆರೋರಾ ನೋಡಲು ಎಲ್ಲಿಗೆ? ದೇಶ ಆರಿಸುವ ಮೊದಲು ಘಟ್ಟದ ಯಾವ ಕಡೆ ಅನ್ನೋದನ್ನು ಆರಿಸಿ

ಆರೋರಾ ಅಂದರೆ ಧ್ರುವದ ಹತ್ತಿರದ ನಾಡುಗಳಲ್ಲಿ ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ ಬೆಳಕು. ದಸರಾ ಮುಗಿಯುತ್ತಿದ್ದಂತೆ ಊರಿನಿಂದ ನನಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಆರೋರಾ ನೋಡಬೇಕು, ನಾರ್ವೆಗೆ ಹೋಗೋದಾ, ಫಿನ್ಲೆಂಡ್‌ಗಾ?" ನಾನು ಸ್ಟಾಕ್‌ಹೋಮ್‌ನಲ್ಲಿ ಇದ್ದೇನಲ್ಲ, ಹಾಗಾಗಿ ನನಗೆ ಗೊತ್ತಿರುತ್ತದೆ ಅಂತ ಎಲ್ಲರ ಲೆಕ್ಕ. ಮೊದಮೊದಲು ನನಗೂ ಗೊತ್ತಿರಲಿಲ್ಲ. ಅಮ್ಮನನ್ನು ಕರೆದುಕೊಂಡು ಜನವರಿಯಲ್ಲಿ ನಾರ್ವೆಯ ಟ್ರೊಮ್ಸೊಗೆ ಹೋಗಿ, ಐದು ರಾತ್ರಿಯಲ್ಲಿ ನಾಲ್ಕು ರಾತ್ರಿ ಬರೀ ಮೋಡ ನೋಡಿ ಬಂದ ಮೇಲೆ ಕೂತು ಓದಿದೆ, ಕೇಳಿದೆ, ಮತ್ತೆ ಮತ್ತೆ ಹೋಗಿ ಬಂದೆ.

ಈಗ ಯಾರು ಕೇಳಿದರೂ ನಾನು ದೇಶದ ಹೆಸರು ಹೇಳುವುದಿಲ್ಲ. ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ಘಟ್ಟದ ಯಾವ ಕಡೆ? ಯಾವ ಬೆಳಕು, ಆರೋರಾದ್ದಾ, ನಡುರಾತ್ರಿ ಸೂರ್ಯನದ್ದಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಊರು ತಾನಾಗಿಯೇ ಗೊತ್ತಾಗುತ್ತದೆ.

ಘಟ್ಟದ ಆಚೆ, ಈಚೆ

ಭೂಪಟ ತೆಗೆದು ನೋಡಿ. ನಾರ್ವೆ ಮತ್ತು ಸ್ವೀಡನ್ ಗಡಿಯ ಉದ್ದಕ್ಕೂ ಒಂದು ಬೆಟ್ಟಸಾಲು ಹೋಗುತ್ತದೆ. ಅದರ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಒಳನಾಡು. ಅಟ್ಲಾಂಟಿಕ್‌ನಿಂದ ಬರುವ ಹಸಿ ಗಾಳಿ ಬೆಟ್ಟಕ್ಕೆ ಬಡಿದು, ಇದ್ದಬದ್ದ ಮಳೆ, ಹಿಮವನ್ನೆಲ್ಲ ಪಶ್ಚಿಮದಲ್ಲೇ ಸುರಿಸಿಬಿಡುತ್ತದೆ. ಬೆಟ್ಟ ದಾಟುವ ಹೊತ್ತಿಗೆ ಗಾಳಿಯಲ್ಲಿ ಹಸಿ ಉಳಿದಿರುವುದಿಲ್ಲ. ಆಗುಂಬೆಗೆ ಎಷ್ಟು ಮಳೆ, ಚಳ್ಳಕೆರೆಗೆ ಎಷ್ಟು ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟ್ರೊಮ್ಸೊದಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ, ಹಿಮ ಬೀಳುತ್ತದೆ. ಬೆಟ್ಟದ ಈಚೆ, ಸ್ವೀಡನ್‌ನ ಅಬಿಸ್ಕೊದಲ್ಲಿ ಸುಮಾರು 300 ಮಿಲಿಮೀಟರ್ ಅಷ್ಟೇ. ಇಡೀ ಸ್ವೀಡನ್‌ನಲ್ಲೇ ಅತಿ ಒಣ ಜಾಗಗಳಲ್ಲಿ ಅದೂ ಒಂದು. ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ಗಡಿಯ ರಿಕ್ಸ್‌ಗ್ರೆನ್ಸೆನ್ ಸಿಗುತ್ತದೆ. ಅಲ್ಲಿ ಹಿಮ ಎಷ್ಟು ಬೀಳುತ್ತದೆ ಅಂದರೆ ಮೇ ತಿಂಗಳಲ್ಲೂ ಸ್ಕೀ ಆಡುತ್ತಾರೆ. ನಡುವೆ ಇರುವುದು ಬೆಟ್ಟ ಮಾತ್ರ.

ಇನ್ನೊಂದು ವಿಷಯ ಚಳಿ. ಹೆಚ್ಚು ಉತ್ತರ ಅಂದರೆ ಹೆಚ್ಚು ಚಳಿ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ. ಟ್ರೊಮ್ಸೊ ಇರುವುದು 69.6 ಡಿಗ್ರಿ ಉತ್ತರದಲ್ಲಿ. ಆದರೂ ಜನವರಿಯ ಸರಾಸರಿ ಮೈನಸ್ 3, 4 ಡಿಗ್ರಿ ದಾಟುವುದಿಲ್ಲ. ದಕ್ಷಿಣದಿಂದ ಹರಿದು ಬರುವ ಬೆಚ್ಚನೆಯ ಸಮುದ್ರ ಪ್ರವಾಹ ಅಲ್ಲಿಯ ಬಂದರನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಫಿನ್ಲೆಂಡ್‌ನ ರೊವಾನಿಯೆಮಿ ಅದಕ್ಕಿಂತ ಮೂರು ಡಿಗ್ರಿ ದಕ್ಷಿಣಕ್ಕಿದೆ. ಆದರೆ ಅಲ್ಲಿ ಜನವರಿಯ ಸರಾಸರಿ ಮೈನಸ್ 11ರ ಆಸುಪಾಸು, ಕೆಲವು ದಿನ ಮೈನಸ್ 30ಕ್ಕೂ ಇಳಿಯುತ್ತದೆ.

ಇದನ್ನು ಓದಿ ಟ್ರೊಮ್ಸೊನೇ ಸುಲಭ ಅಂದುಕೊಳ್ಳಬೇಡಿ. ಸಮುದ್ರದಂಡೆಯ ಮೈನಸ್ 2 ಡಿಗ್ರಿಯ ಒದ್ದೆ ಗಾಳಿ ಮೂಳೆಗೆ ಇಳಿಯುತ್ತದೆ. ಒಳನಾಡಿನ ಮೈನಸ್ 15 ಒಣಚಳಿ. ಗಾಳಿ ಇಲ್ಲದ ದಿನ, ಸರಿಯಾದ ಬಟ್ಟೆ ಹಾಕಿದ್ದರೆ, ಒಂದು ಗಂಟೆ ಆರಾಮಾಗಿ ನಡೆದಾಡಬಹುದು. ಅರವತ್ತು ದಾಟಿದ ನನ್ನ ಅಮ್ಮನೇ ಹೇಳಿದ ಮಾತಿದು.

ಟ್ರೊಮ್ಸೊ: ಊರು ಬೇಕು ಅನ್ನುವವರಿಗೆ

ಮೋಡದ ಕಾಟ ಇದ್ದರೂ ಟ್ರೊಮ್ಸೊವನ್ನು ಪಟ್ಟಿಯಿಂದ ತೆಗೆಯಬೇಡಿ. ಅದು ನಿಜವಾದ ಊರು. ಯೂನಿವರ್ಸಿಟಿ ಇದೆ, ಗ್ರಂಥಾಲಯ ಇದೆ, ಕೂತು ಹರಟುವ ಕಾಫಿ ಅಂಗಡಿಗಳಿವೆ, ಇಂಡಿಯನ್ ಹೋಟೆಲ್ ಕೂಡ ಇದೆ. ಊರಿನ ನಡುಭಾಗ ಒಂದು ದ್ವೀಪದ ಮೇಲಿದೆ. ಉದ್ದನೆಯ ಸೇತುವೆ ದಾಟಿದರೆ 1965ರಲ್ಲಿ ಕಟ್ಟಿದ ಬಿಳಿಯ, ತ್ರಿಕೋನಾಕಾರದ ಆರ್ಕ್ಟಿಕ್ ಕೆಥೆಡ್ರಲ್. ಅದರ ಹತ್ತಿರದಿಂದಲೇ ಕೇಬಲ್ ಕಾರ್ 421 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಮೇಲಿನಿಂದ ನೋಡಿದರೆ ಕಪ್ಪು ನೀರು, ಅದರ ನಡುವೆ ದೀಪ ಹಚ್ಚಿಟ್ಟ ಊರು.

ಆರೋರಾ ಕಾಣದಿದ್ದರೂ ಹೋದದ್ದು ವ್ಯರ್ಥ ಆಗದ ಜಾಗ ಅಂದರೆ ಇದೇ. ನವೆಂಬರ್ 27ರ ಸುಮಾರಿಗೆ ಮುಳುಗಿದ ಸೂರ್ಯ ಜನವರಿ ಮಧ್ಯದವರೆಗೆ ಮೇಲೆ ಬರುವುದಿಲ್ಲ. ಹಾಗಂತ ಪೂರ್ತಿ ಕತ್ತಲೆ ಅಲ್ಲ. ಮಧ್ಯಾಹ್ನ ಹನ್ನೊಂದರಿಂದ ಒಂದೂವರೆ ತನಕ ಒಂದು ಬೆಳಕು ಇರುತ್ತದೆ. ನೀಲಿ. ಹಿಮ ನೀಲಿ, ಬೆಟ್ಟ ನೀಲಿ, ಪಕ್ಕದಲ್ಲಿ ನಿಂತವರ ಮುಖವೂ ನೀಲಿ. ದಕ್ಷಿಣದ ಅಂಚಿನಲ್ಲಿ ಮಾತ್ರ ಒಂದು ಗೆರೆ ಗುಲಾಬಿ. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಐದು ನಿಮಿಷ ಇರುವ ಬೆಳಕನ್ನು ಎರಡು ಗಂಟೆಗೆ ಹಿಗ್ಗಿಸಿದರೆ ಹೇಗಿರುತ್ತದೆ, ಹಾಗೆ. ಸೂರ್ಯ ಬೆಟ್ಟದ ಮೇಲೆ ಮೊದಲ ಸಲ ಮುಖ ತೋರಿಸುವ ಜನವರಿ 21ರ ಸುಮಾರಿಗೆ ಊರಿನ ಬೇಕರಿಗಳೆಲ್ಲ ಸೋಲ್‌ಬೊಲ್ಲೆ ಅಂತ, ಸೂರ್ಯನ ಹೆಸರಿನ ಬನ್ ಮಾಡುತ್ತವೆ. ಶಾಲೆ ಮಕ್ಕಳಿಗೆ ಅದು ಹಬ್ಬ.

ಆರೋರಾ ಟೂರ್‌ಗಳ ಬಗ್ಗೆ ಒಂದು ಮಾತು. ಟ್ರೊಮ್ಸೊದಿಂದ ಹೊರಡುವ ಒಳ್ಳೆ ಟೂರ್‌ನವರು ಊರ ಹೊರಗೆ ಒಂದು ಕಡೆ ನಿಂತು ಕಾಯುವುದಿಲ್ಲ. ಮೋಡದ ನಕ್ಷೆ ನೋಡಿಕೊಂಡು ಬಸ್ ಓಡಿಸುತ್ತಾರೆ, ಬೇಕಾದರೆ ಫಿನ್ಲೆಂಡ್ ಗಡಿಯವರೆಗೂ. ಅಂದರೆ ಅವರೇ ಘಟ್ಟ ದಾಟಿಸುತ್ತಾರೆ! ಬುಕ್ ಮಾಡುವಾಗ "ಗಡಿ ದಾಟುತ್ತೀರಾ" ಅಂತ ಕೇಳಿ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಮೊದಲ ಸಲ ನಾವು ತೆಗೆದುಕೊಂಡಿದ್ದು ಒಂದೇ ಜಾಗದಲ್ಲಿ ನಿಲ್ಲಿಸುವ ಅಗ್ಗದ ಟೂರ್. ಹಣ ಉಳಿಯಿತು, ಆಕಾಶ ಸಿಗಲಿಲ್ಲ.

ತಿಮಿಂಗಿಲ ನೋಡುವ ಆಸೆ ಇದ್ದವರಿಗೂ ಇದೇ ಊರು ಸರಿ. ನವೆಂಬರ್‌ನಿಂದ ಜನವರಿ ತನಕ ಹೆರಿಂಗ್ ಮೀನಿನ ಹಿಂಡು ಅರಸಿಕೊಂಡು ಓರ್ಕಾ ಮತ್ತು ಹಂಪ್‌ಬ್ಯಾಕ್‌ಗಳು ಉತ್ತರದ ಶೆರ್ವೊಯ್ ಕಡೆ ಬರುತ್ತವೆ. ಹಡಗಿನಲ್ಲಿ ಹೋಗಿಬರಲು ಇಡೀ ದಿನ ಬೇಕು. ವಾಂತಿ ಆಗುವವರು ಮಾತ್ರೆ ಮರೆಯಬೇಡಿ.

ಆದರೆ ಒಂದು ಅಪಾಯ ಇದೆ. ಅದು ಚಳಿಯಲ್ಲ, ನೆಲ. ಉಷ್ಣಾಂಶ ಸೊನ್ನೆಯ ಆಚೀಚೆ ಓಲಾಡುವುದರಿಂದ ಹಗಲು ಮಳೆ ಬಂದು ರಾತ್ರಿ ಹೆಪ್ಪುಗಟ್ಟುತ್ತದೆ. ರಸ್ತೆಯೆಲ್ಲ ಗಾಜು. ನಮ್ಮಮ್ಮ ಬಸ್ ಸ್ಟಾಪ್‌ನಲ್ಲಿ ಜಾರಿ ಕೈ ಊರಿ ಬಿದ್ದು, ವಾರಗಟ್ಟಲೆ ಮಣಿಕಟ್ಟು ನೋವು ಅನುಭವಿಸಿದರು. ಶೂಗೆ ಹಾಕುವ ರಬ್ಬರ್ ಪಟ್ಟಿ ಸಿಗುತ್ತದೆ, ಅಡಿಯಲ್ಲಿ ಸಣ್ಣ ಕಬ್ಬಿಣದ ಮೊಳೆ ಇರುತ್ತವೆ. ನಾರ್ವೆಯಲ್ಲಿ ಬ್ರೊಡ್ಡರ್ ಅಂತಾರೆ. ಯಾವ ಅಂಗಡಿಯಲ್ಲೂ ಸಿಗುತ್ತದೆ. ಇಳಿದ ದಿನವೇ ಕೊಳ್ಳಿ. ತಂದೆ ತಾಯಿ ಜೊತೆಗಿದ್ದರೆ ಇದು ಜಾಕೆಟ್‌ಗಿಂತ ಮುಖ್ಯ.

ಅಬಿಸ್ಕೊ: ಆಕಾಶ ಬೇಕು ಅನ್ನುವವರಿಗೆ

ಆರೋರಾ ಒಂದೇ ಗುರಿ ಆದರೆ ನನ್ನ ಉತ್ತರ ಅಬಿಸ್ಕೊ. ಎರಡನೇ ವರ್ಷ ಮಾರ್ಚ್‌ನಲ್ಲಿ ಅಮ್ಮನನ್ನು ಮತ್ತೆ ಕರೆದುಕೊಂಡು ಹೋಗಿದ್ದು ಅಲ್ಲಿಗೆ.

ಸ್ಟಾಕ್‌ಹೋಮ್‌ನಿಂದ ಸಂಜೆ ಹೊರಡುವ ರಾತ್ರಿ ರೈಲು ಮರುದಿನ ಮಧ್ಯಾಹ್ನದ ಹೊತ್ತಿಗೆ ತಲುಪಿಸುತ್ತದೆ. ಮಲಗಿಕೊಂಡೇ ಹೋಗಬಹುದು. ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಗಿಡ್ಡ ಬರ್ಚ್ ಮರಗಳು, ಹಿಮ, ನಡುವೆ ಒಂದೊಂದು ಹಿಮಸಾರಂಗ. ಈ ಹಳಿ ಹಾಕಿದ್ದು ನಮಗಾಗಿ ಅಲ್ಲ. ಕಿರುನಾದ ಕಬ್ಬಿಣದ ಅದಿರನ್ನು ನಾರ್ವೆಯ ನಾರ್ವಿಕ್ ಬಂದರಿಗೆ ಸಾಗಿಸಲು, 120 ವರ್ಷಗಳ ಹಿಂದೆ. ಇವತ್ತಿಗೂ 68 ಡಬ್ಬಿಯ ಅದಿರು ರೈಲುಗಳು ಎದುರಾಗುತ್ತವೆ. ಬಳ್ಳಾರಿ, ಸಂಡೂರಿನ ಕಡೆಯವರು ನಿಂತು ನೋಡುವ ಹಾಗಿರುತ್ತದೆ. ಕಿರುನಾ ಊರೇ ಗಣಿಗಾಗಿ ಜಾಗ ಬದಲಿಸುತ್ತಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿಯ ಮರದ ಚರ್ಚನ್ನು ಇಡಿಯಾಗಿ ಚಕ್ರದ ಮೇಲೆ ಎತ್ತಿ, ಎರಡು ದಿನದಲ್ಲಿ ಐದು ಕಿಲೋಮೀಟರ್ ದೂರಕ್ಕೆ ಒಯ್ದರು.

ಈ ಹಳಿಗೆ ಬದಲಿ ದಾರಿ ಇಲ್ಲ ಅನ್ನೋದನ್ನೂ ನೆನಪಿಡಿ. 2023ರ ಡಿಸೆಂಬರ್‌ನಲ್ಲಿ ಅದಿರು ರೈಲು ಹಳಿ ತಪ್ಪಿ ಎರಡು ತಿಂಗಳು ಮಾರ್ಗ ಮುಚ್ಚಿತ್ತು. ತೆರೆದ ಕೆಲವೇ ದಿನಕ್ಕೆ ಮತ್ತೊಂದು ಹಳಿ ತಪ್ಪಿತು. ವಾಪಸ್ ವಿಮಾನಕ್ಕೂ ರೈಲಿಗೂ ನಡುವೆ ಒಂದು ದಿನ ಖಾಲಿ ಬಿಡಿ. ಕಿರುನಾಗೆ ವಿಮಾನವೂ ಇದೆ, ಅಲ್ಲಿಂದ ರಸ್ತೆಯಲ್ಲಿ ನೂರು ಕಿಲೋಮೀಟರ್ ಒಳಗೆ.

ಅಬಿಸ್ಕೊದಲ್ಲಿ ಎರಡು ನಿಲ್ದಾಣಗಳಿವೆ. ಒಂದು ಹಳ್ಳಿಗೆ, ಒಂದು ಟೂರಿಸ್ಟ್ ಸ್ಟೇಷನ್‌ಗೆ. ರೂಮು ಎಲ್ಲಿದೆ ನೋಡಿಕೊಂಡು ಇಳಿಯಿರಿ, ಹಿಮದಲ್ಲಿ ಸೂಟ್‌ಕೇಸ್ ಎಳೆಯುವುದು ಸುಲಭವಲ್ಲ. ಊರು ಅಂತ ಹೇಳಲು ಏನೂ ಇಲ್ಲ. ದಿನಸಿ ಅಂಗಡಿ, ಒಂದಷ್ಟು ಮನೆ, ಹಾಸ್ಟೆಲ್. ಸುತ್ತ 1909ರಲ್ಲೇ ಘೋಷಿಸಿದ ರಾಷ್ಟ್ರೀಯ ಉದ್ಯಾನ. ದಕ್ಷಿಣಕ್ಕೆ ಲ್ಯಾಪ್ಪೋರ್ಟೆನ್, ಅಂದರೆ ಬೆಟ್ಟಗಳ ನಡುವೆ ಹಿಮನದಿ ಕೆತ್ತಿದ ದೊಡ್ಡ ಬಾಗಿಲು. ಉತ್ತರಕ್ಕೆ 70 ಕಿಲೋಮೀಟರ್ ಉದ್ದದ ಟೋರ್ನೆಟ್ರೆಸ್ಕ್ ಕೆರೆ. ಸುತ್ತ ಮೋಡ ಕವಿದಿದ್ದಾಗಲೂ ಈ ಕೆರೆಯ ಮೇಲೆ ಒಂದು ತುಂಡು ಆಕಾಶ ಆಗಾಗ ತೆರೆದಿರುತ್ತದೆ. ಅಲ್ಲಿಯವರು ಅದನ್ನು ನೀಲಿ ಕಿಂಡಿ ಅಂತಾರೆ. ನಾನು ಮತ್ತೆ ಮತ್ತೆ ಇಲ್ಲಿಗೇ ಬರುವುದಕ್ಕೆ ಆ ಕಿಂಡಿಯೇ ಕಾರಣ.

ಆ ರಾತ್ರಿ ನಾವು ಹೆಪ್ಪುಗಟ್ಟಿದ ಕೆರೆಯ ದಂಡೆಯಲ್ಲಿ ನಿಂತಿದ್ದೆವು. ಮೈನಸ್ 17. ಉಸಿರಿನ ಹಬೆ ಅಮ್ಮನ ಮಫ್ಲರ್ ಮೇಲೆ ಬಿಳಿ ಪುಡಿಯಾಗಿ ಕೂತಿತ್ತು. ಕಾಲ ಕೆಳಗೆಲ್ಲೋ ಮಂಜುಗಡ್ಡೆ ಸೀಳುವ ಸದ್ದು, ದೂರದಲ್ಲಿ ತಂತಿ ಮೀಟಿದ ಹಾಗೆ. ಮೊದಲು ಕಂಡದ್ದು ಬೂದು ಬಣ್ಣದ ಹೊಗೆ. ಮೋಡ ಅಂದುಕೊಂಡೆ. ಫೋನ್ ಹಿಡಿದರೆ ಪರದೆಯಲ್ಲಿ ಹಸಿರು! ಹತ್ತು ನಿಮಿಷ ಆದ ಮೇಲೆ ಆ ಹೊಗೆ ನೆತ್ತಿಯವರೆಗೆ ಬಂತು, ಬರಿಗಣ್ಣಿಗೂ ಹಸಿರಾಯಿತು, ಕೆಳಗಿನ ಅಂಚು ಗುಲಾಬಿಯಾಗಿ ಒಣಹಾಕಿದ ಸೀರೆ ಗಾಳಿಗೆ ಆಡುವ ಹಾಗೆ ಆಡತೊಡಗಿತು. "ಇದು ಓಡಾಡ್ತಾ ಇದೆ ಕಣೇ" ಅಂದರು ಅಮ್ಮ. ಫೋಟೋದಲ್ಲಿ ಆರೋರಾ ನಿಂತಿರುತ್ತದೆ, ಅದು ಓಡಾಡುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬಣ್ಣದ ವಿಷಯ ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಕ್ಯಾಮೆರಾ ನಮ್ಮ ಕಣ್ಣಿಗಿಂತ ಜಾಸ್ತಿ ಬಣ್ಣ ಹಿಡಿಯುತ್ತದೆ. ಇಂಟರ್‌ನೆಟ್‌ನಲ್ಲಿ ಕಂಡ ಹಸಿರು ಪ್ರತಿ ರಾತ್ರಿ ಕಾಣುವುದಿಲ್ಲ. ಎಷ್ಟೋ ರಾತ್ರಿ ಅದು ತೆಳು ಹೊಗೆಯಾಗಿಯೇ ಉಳಿಯುತ್ತದೆ. ಅದಕ್ಕೇ ಕನಿಷ್ಠ ನಾಲ್ಕು ರಾತ್ರಿ ಇಟ್ಟುಕೊಳ್ಳಿ.

ಫಿನ್ಲೆಂಡ್‌ನ ಲ್ಯಾಪ್‌ಲ್ಯಾಂಡ್: ಮಕ್ಕಳಿದ್ದರೆ

ಇಲ್ಲಿ ಚೂಪು ಬೆಟ್ಟಗಳಿಲ್ಲ. ಕಾಡು, ಕೆರೆ, ಬೋಳು ತಲೆಯ ಗುಡ್ಡ. ಕೊರೆಯುವ ಚಳಿಯಲ್ಲಿ ಮರಗಳ ಮೇಲೆ ಹಿಮ ಮೆತ್ತಿ ಮೆತ್ತಿ, ಕೊನೆಗೆ ಮರದ ಆಕಾರವೇ ಕಾಣದೆ ಬಿಳಿ ಗೊಂಬೆಗಳ ಹಾಗೆ ನಿಂತಿರುತ್ತವೆ. ಇದನ್ನು ಕರಾವಳಿಯಲ್ಲಿ ಕಾಣಲಾರಿರಿ.

ರೊವಾನಿಯೆಮಿ ಎಂದರೆ ಸಾಂತಾ ಕ್ಲಾಸ್ ಹಳ್ಳಿ, ಆರ್ಕ್ಟಿಕ್ ವೃತ್ತದ ಗೆರೆ, ನಾಯಿ ಎಳೆಯುವ ಗಾಡಿ. ಎಂಟು, ಹತ್ತು ವರ್ಷದ ಮಕ್ಕಳಿದ್ದರೆ ಬೇರೇನೂ ಯೋಚಿಸಬೇಡಿ, ಇಲ್ಲಿಗೇ ಹೋಗಿ. ಡಿಸೆಂಬರ್ ಮಾತ್ರ ಬೇಡ. ಜನ ಜಾಸ್ತಿ, ಬೆಲೆ ಜಾಸ್ತಿ, ಹಗಲು ಎರಡು ಗಂಟೆಯಷ್ಟೇ. ಮಾರ್ಚ್‌ನಲ್ಲಿ ಅದೇ ಹಿಮ, ಹನ್ನೆರಡು ಗಂಟೆ ಬೆಳಕು. ಹಳೆಯ ಊರು ಕಾಣುವುದಿಲ್ಲವಲ್ಲ ಅಂತ ಅನ್ನಿಸಿದರೆ, 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಊರನ್ನು ಸುಟ್ಟುಹಾಕಿತು. ಆಮೇಲೆ ಹೊಸ ಊರಿನ ನಕ್ಷೆ ಮಾಡಿದ್ದು ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ, ಹಿಮಸಾರಂಗದ ಕೊಂಬಿನ ಆಕಾರದಲ್ಲಿ.

ದೊಡ್ಡವರೇ ಹೋಗುತ್ತಿದ್ದರೆ ಇನ್ನೂ 300 ಕಿಲೋಮೀಟರ್ ಉತ್ತರಕ್ಕೆ, ಇನಾರಿಗೆ ಹೋಗಿ. ಇದು ಇಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ನಾಡು. ಈ ಒಂದು ಪ್ರದೇಶದಲ್ಲೇ ಮೂರು ಸಾಮಿ ಭಾಷೆಗಳು ಉಳಿದಿವೆ. ಸೀಡಾ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆಯಿರಿ. ಅವರನ್ನು ಲ್ಯಾಪ್ ಅಂತ ಕರೆಯಬೇಡಿ, ಅದು ಅವರಿಗೆ ನೋವು ಕೊಡುವ ಹೆಸರು. ಹಿಮಸಾರಂಗ ಸಾಕುವವರನ್ನು "ನಿಮ್ಮದು ಎಷ್ಟಿವೆ" ಅಂತಲೂ ಕೇಳಬಾರದು. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ.

ಗಾಜಿನ ಇಗ್ಲೂ, ಅಂದರೆ ಮಲಗಿಕೊಂಡೇ ಆಕಾಶ ನೋಡುವ ಗಾಜಿನ ಚಾವಣಿಯ ಕೋಣೆ, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಾಡಿಗೆ ತುಂಬಾ. ಮೋಡ ಇದ್ದರೆ ಮೇಲೆ ಕಾಣುವುದು ಬೂದು ಆಕಾಶ ಮಾತ್ರ. ಅದೇ ದುಡ್ಡಿಗೆ ಸೌನಾ (ಬಿಸಿ ಹಬೆಯ ಕೋಣೆ), ಅಡುಗೆಮನೆ ಇರುವ ಮರದ ಮನೆ ಎರಡು ಮೂರು ರಾತ್ರಿಗೆ ಸಿಗುತ್ತದೆ. ರಾತ್ರಿ ಅನ್ನ ಸಾರು ಮಾಡಿಕೊಂಡು, ಬಾಗಿಲು ತೆಗೆದು ಆಗಾಗ ಆಕಾಶ ನೋಡಿದರೆ ಆಯಿತು.

ಲೊಫೋಟೆನ್, ಸ್ವಾಲ್ಬಾರ್ಡ್

ನಾರ್ವೆಯ ಲೊಫೋಟೆನ್ ದ್ವೀಪಗಳು ಆರೋರಾಕ್ಕಿಂತ ಹೆಚ್ಚಾಗಿ ನೆಲಕ್ಕಾಗಿ ಹೋಗುವ ಜಾಗ. ಸಮುದ್ರದಿಂದ ನೇರ ಎದ್ದ ಬೆಟ್ಟ, ಅದರ ಬುಡದಲ್ಲಿ ಕೆಂಪು ಮರದ ಮೀನುಗಾರರ ಮನೆಗಳು. ಫೆಬ್ರವರಿಯಿಂದ ಮೇ ತನಕ ಮರದ ಚೌಕಟ್ಟುಗಳಲ್ಲಿ ಕಾಡ್ ಮೀನು ಒಣಹಾಕಿರುತ್ತಾರೆ, ಉಪ್ಪು ಹಾಕದೆ, ಬರೀ ಗಾಳಿಗೆ. ಕರಾವಳಿಯವರಿಗೆ ಆ ವಾಸನೆ ಊರಿನದ್ದೇ ಅನ್ನಿಸೀತು. ಕಾರು ಓಡಿಸುವವರು ಮಾತ್ರ ಹೋಗಿ, ಅದೂ ಬೇಸಿಗೆಯಲ್ಲಿ.

ನಾರ್ವೆಯದೇ ದ್ವೀಪಗಳಾದ ಸ್ವಾಲ್ಬಾರ್ಡ್ 78 ಡಿಗ್ರಿ ಉತ್ತರ. ಮರವೇ ಇಲ್ಲದ ನೆಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಇಲ್ಲ, ಏಪ್ರಿಲ್ 20ರಿಂದ ಆಗಸ್ಟ್ 23ರವರೆಗೆ ಮುಳುಗುವುದೇ ಇಲ್ಲ. ಹಿಮಕರಡಿ ಇರುವುದರಿಂದ ಲಾಂಗ್‌ಯಿಯರ್‌ಬ್ಯೆನ್ ಊರಿನ ಗಡಿ ದಾಟಿ ಗೈಡ್ ಇಲ್ಲದೆ ಹೋಗುವ ಹಾಗಿಲ್ಲ ಅಂತಲೇ ಇಟ್ಟುಕೊಳ್ಳಿ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಇರುವುದು ಇಲ್ಲಿಯ ನ್ಯೂ ಆಲೆಸುಂಡ್‌ನಲ್ಲಿ, 2008ರಿಂದ. ಆರೋರಾಕ್ಕಾಗಿ ಇಷ್ಟು ದೂರ ಬರುವುದು ಬೇಡ. ಧ್ರುವದ ಸುತ್ತ ಆರೋರಾ ಒಂದು ಬಳೆಯ ಹಾಗೆ ಇರುತ್ತದೆ. ರಾತ್ರಿ ಹೊತ್ತು ಆ ಬಳೆ ಟ್ರೊಮ್ಸೊ, ಅಬಿಸ್ಕೊ ಮೇಲೆ ಹಾದುಹೋಗುತ್ತದೆ, ಸ್ವಾಲ್ಬಾರ್ಡ್ ಅದರ ಒಳಗಡೆ ಉಳಿದುಬಿಡುತ್ತದೆ. ಇಲ್ಲಿಗೆ ಬರಬೇಕಾದದ್ದು ಹಿಮನದಿ ನೋಡಲು, ಆ ಮೌನಕ್ಕೆ.

ಯಾವ ತಿಂಗಳು

"ಜೂನ್‌ನಲ್ಲಿ ಮಕ್ಕಳಿಗೆ ರಜೆ, ನಡುರಾತ್ರಿ ಸೂರ್ಯ ಮತ್ತು ಆರೋರಾ ಎರಡೂ ನೋಡಿಬಿಡೋಣ" ಅನ್ನುವವರಿದ್ದಾರೆ. ಆಗುವುದಿಲ್ಲ. ಆರೋರಾಕ್ಕೆ ಕತ್ತಲೆ ಬೇಕು. ಏಪ್ರಿಲ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಕತ್ತಲೆಯೇ ಆಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು.

ನಡುರಾತ್ರಿ ಸೂರ್ಯನಿಗೆ ಕರಾವಳಿಯೇ ಸರಿ. ಟ್ರೊಮ್ಸೊದಲ್ಲಿ ಮೇ 20ರಿಂದ ಜುಲೈ 22ರವರೆಗೆ ಸೂರ್ಯ ಮುಳುಗುವುದಿಲ್ಲ. ಬೇಸಿಗೆಯಲ್ಲಿ ಫಿನ್ಲೆಂಡ್ ಒಳನಾಡಿಗೆ ಹೋದರೆ ಸೊಳ್ಳೆ. ಮಲೆನಾಡಿನ ಮಳೆಗಾಲದ ಸೊಳ್ಳೆ ಏನೂ ಅಲ್ಲ ಅನ್ನಿಸುವಷ್ಟು. ಸೆಪ್ಟೆಂಬರ್ ಇನ್ನೊಂದು ಒಳ್ಳೆ ಕಾಲ. ಕಾಡೆಲ್ಲ ಕೆಂಪು, ಹಳದಿ. ಫಿನ್ಲೆಂಡ್‌ನವರು ಇದಕ್ಕೆ ರುಸ್ಕಾ ಅಂತಾರೆ. ಕೆರೆ ಇನ್ನೂ ಹೆಪ್ಪುಗಟ್ಟಿರುವುದಿಲ್ಲ, ಆರೋರಾ ನೀರಿನಲ್ಲೂ ಕಾಣುತ್ತದೆ. ಹಿಮ ಬೇಡ, ಚಳಿ ಭಯ ಅನ್ನುವವರಿಗೆ ನಾನು ಹೇಳುವುದು ಇದೇ ತಿಂಗಳು. ನವೆಂಬರ್ ಮೊದಲ ಭಾಗ ಮತ್ತು ಮೇ ಬರೀ ಕೆಸರು, ಬಿಟ್ಟುಬಿಡಿ. ಮೊದಲ ಸಲ ಹೋಗುವವರಿಗೆ ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆವರೆಗೆ. ಹಗಲಲ್ಲಿ ಬಿಸಿಲು, ರಾತ್ರಿ ಕತ್ತಲೆ, ಕಾಲ ಕೆಳಗೆ ಗಟ್ಟಿ ಹಿಮ.

ಹೊರಡುವ ಮುಂಚೆ

ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ. ಹತ್ತಿ ಬೇಡ, ಜೀನ್ಸ್ ಬೇಡವೇ ಬೇಡ. ಬೆವರು ಹೀರಿಕೊಂಡು ಅದೇ ತಣ್ಣಗಾಗುತ್ತದೆ. ಶೂ ಒಂದು ಸೈಜ್ ದೊಡ್ಡದಿರಲಿ, ಬೆರಳು ಆಡಬೇಕು. ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ದಪ್ಪ ಜಾಕೆಟ್ ಕೊಳ್ಳಬೇಡಿ. ಬಹಳಷ್ಟು ಟೂರ್‌ನವರು ಬೂಟು ಮತ್ತು ಮೈತುಂಬ ಮುಚ್ಚುವ ಸೂಟ್ ಕೊಡುತ್ತಾರೆ. ಫೋನ್ ಒಳಜೇಬಿನಲ್ಲಿಡಿ, ಹೊರಗಿಟ್ಟರೆ 60 ಪರ್ಸೆಂಟ್ ಬ್ಯಾಟರಿ ಕಣ್ಣೆದುರೇ ಸತ್ತುಹೋಗುತ್ತದೆ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಅಬಿಸ್ಕೊ, ಇನಾರಿಯಂಥ ಕಡೆ ಆಯ್ಕೆ ಕಡಿಮೆ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇರಲಿ. ತುಪ್ಪ ತರಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರಲು ಅನುಮತಿ ಇಲ್ಲ. ಸ್ವೀಡನ್ ಅಂಗಡಿಗಳಲ್ಲಿ ಫಿಲ್‌ಮ್ಯೋಲ್ಕ್ ಅಂತ ಸಿಗುತ್ತದೆ, ನಮ್ಮ ತೆಳು ಮೊಸರಿನ ಹಾಗೇ. ಮೊಸರನ್ನಕ್ಕೆ ಸಾಕು.

ನಾರ್ವೆ, ಸ್ವೀಡನ್, ಫಿನ್ಲೆಂಡ್ ಮೂರಕ್ಕೂ ಒಂದೇ ಶೆಂಗೆನ್ ವೀಸಾ. ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. ಆರು ತಿಂಗಳು ಮೊದಲೇ ಹಾಕಬಹುದು. ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದರೂ ಶೆಂಗೆನ್ ಒಳಗಿಲ್ಲ. ಅಲ್ಲಿಗೆ ಹೋಗಿ ವಾಪಸ್ ನಾರ್ವೆಗೆ ಬಂದರೆ ಎರಡನೇ ಪ್ರವೇಶ ಆಗುತ್ತದೆ. ಅರ್ಜಿಯಲ್ಲಿ ಎರಡು ಸಲ ಪ್ರವೇಶ ಅಂತ ಗುರುತು ಹಾಕಲೇಬೇಕು.

ಎಂಟು ದಿನ ಇದ್ದರೆ, ಘಟ್ಟದ ಎರಡೂ ಕಡೆ ನೋಡಬಹುದು. ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು, ಅಬಿಸ್ಕೊದಲ್ಲಿ ನಾಲ್ಕು ರಾತ್ರಿ. ಅಲ್ಲಿಂದ ಅದೇ ಹಳಿಯಲ್ಲಿ ನಾರ್ವಿಕ್‌ಗೆ ಎರಡು ಗಂಟೆಯೊಳಗಿನ ದಾರಿ. ನಾರ್ವಿಕ್‌ನಿಂದ ಬಸ್‌ನಲ್ಲಿ ನಾಲ್ಕು ಗಂಟೆ, ಟ್ರೊಮ್ಸೊ. ಅಲ್ಲಿ ಎರಡು ರಾತ್ರಿ, ವಿಮಾನದಲ್ಲಿ ವಾಪಸ್. ನಾರ್ವಿಕ್‌ಗೆ ಇಳಿಯುವಾಗ ರೈಲಿನ ಬಲಗಡೆ ಕೂರಿ. ಸುರಂಗ ದಾಟಿದ ಕೂಡಲೇ ಕೆಳಗೆ ಆಳದಲ್ಲಿ ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ, ಕಾಣುತ್ತದೆ, ಹೆಪ್ಪುಗಟ್ಟದ ನೀರು, ನಾಲ್ಕು ದಿನ ಬರೀ ಬಿಳಿ ನೋಡಿದ ಕಣ್ಣಿಗೆ.